ಹೊಕ್ಕುಳಬಳ್ಳಿಗೆ ನಂಜಿನ ದನಿ ಕೇಳಿಸುತ್ತದೆಯೇ?

(ಧುಪದಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಾನು ಹುಟ್ಟಿದ್ದು ಇದೇ ಊರಿನಲ್ಲಿ. ನನ್ನ ಮಾಸನ್ನು ನಮ್ಮ ಹಳೆಯ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ ಹುಗಿದಿದ್ದಾರೆ. ಆ ಜಾಗವನ್ನು ಆಯಿ, ಅಂದರೆ ನನ್ನ ಅಜ್ಜಿ, ಒಮ್ಮೆ ಬೆರಳು ಮಾಡಿ ತೋರಿಸಿದ್ದಳು. ನಾಯಿ ಕೆದರಬಾರದೆಂದು ಮೇಲೊಂದು ಕಲ್ಲು ಹೇರಿದ್ದರು. ಒಣಗಿ ಬಿದ್ದ ಹೊಕ್ಕುಳ ಚೂರನ್ನು ಮಾತ್ರ ಹುಗಿಯಲಿಲ್ಲ, ತಾಯತದಲ್ಲಿಟ್ಟು ನನ್ನ ಸೊಂಟಕ್ಕೆ ಕಟ್ಟಿದ್ದರಂತೆ. ಒಂದೇ ಹೆರಿಗೆಯಲ್ಲಿ ಬಂದ ಎರಡು ವಸ್ತುಗಳಲ್ಲಿ ಒಂದು ಮಣ್ಣಿಗೆ ಹೋಯಿತು, ಇನ್ನೊಂದು ಮೈಗೆ ಕಾವಲಾಯಿತು. ಆಯಿ ಸೂಲಗಿತ್ತಿ. ಅವಳ ಮಾತೊಂದು ಈಗಲೂ ಕಿವಿಯಲ್ಲಿದೆ: “ಕೂಸು ಬಂತಂದ್ರ ಹೆರಿಗಿ ಆತು ಅನಬ್ಯಾಡ. ಮಾಸ ಬೀಳಬೇಕು, ಮೂರು ದಿನ ನಂಜೇರಬಾರದು. ಆಗ ಆತು ಅನ್ನು.”

ಆ ಮೂರು ದಿನ ನಮ್ಮ ಮನೆಗೂ ಗೊತ್ತಿತ್ತು. ನಮ್ಮ ದೊಡ್ಡವ್ವ ಮೂರನೆಯ ಬಾಣಂತನದಲ್ಲಿ ನಂಜೇರಿ ತೀರಿಕೊಂಡಳು. ನಾನಾಗ ಹುಟ್ಟಿರಲಿಲ್ಲ. ಆ ಹೆರಿಗೆ ಮಾಡಿಸಿದವಳು ಆಯಿಯೇ, ಸ್ವಂತ ಸೊಸೆಗೆ. ಅದಾದ ಮೇಲೆ ಆಯಿ ಕುದಿಯುವ ನೀರಿಲ್ಲದೆ ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ.

ನಾನು ಕೆಲಸ ಮಾಡುವುದು ಆ ಮಾಸು, ಆ ಹೊಕ್ಕುಳಬಳ್ಳಿ ಮತ್ತು ಆ ನಂಜು, ಈ ಮೂರರ ನಡುವೆ. ಹುಗಿದು ಕಲ್ಲು ಹೇರುವ ಅಂಗಾಂಶದಲ್ಲಿ ಆಕರಕೋಶಗಳಿವೆ. ಸ್ಟೆಮ್ ಸೆಲ್ ಎನ್ನುವುದಕ್ಕೆ ಪತ್ರಿಕೆಗಳಲ್ಲಿ ಕಾಂಡಕೋಶ ಎಂದೂ ಬರೆಯುತ್ತಾರೆ. ನನಗೆ ಆಕರಕೋಶವೇ ಒಪ್ಪಿಗೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕಾಗ ಈ ಕೋಶಗಳು ಏನು ಮಾಡುತ್ತವೆ? ಇವತ್ತು ನಾನು ಮಾತಾಡುವುದು ಇದೊಂದೇ ಪ್ರಶ್ನೆಯ ಬಗ್ಗೆ.

ಮೊದಲು ನಂಜು. ಕನ್ನಡದ ಈ ಪದ ಎಷ್ಟು ಚೊಕ್ಕವೆಂದರೆ, ವಿಜ್ಞಾನ ಇದೇ ಅರ್ಥ ಕೊಡುವ ಪದವೊಂದನ್ನು ಕಟ್ಟಿಕೊಂಡದ್ದು 1892ರ ಸುಮಾರಿಗೆ. ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅವರ ಬಳಿ ದುಡಿಯುತ್ತಿದ್ದ ರಿಚರ್ಡ್ ಫೈಫರ್ ಕಾಲರಾದ ಬ್ಯಾಕ್ಟೀರಿಯಾಗಳನ್ನು ಕಾಯಿಸಿ ಕೊಂದು, ಸತ್ತವನ್ನೇ ಗಿನಿಯಿಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಮೈಯಲ್ಲಿ ನಂಜು ಉಳಿದಿತ್ತು. ಅದಕ್ಕೆ ಅವರು ಎಂಡೋಟಾಕ್ಸಿನ್ ಎಂದು ಹೆಸರಿಟ್ಟರು, ಒಳನಂಜು ಎನ್ನೋಣ. ಇದೇ ಫೈಫರ್ 1897ರಲ್ಲಿ ಜರ್ಮನ್ ಪ್ಲೇಗ್ ಆಯೋಗದ ಜೊತೆ ಮುಂಬಯಿಗೆ ಬಂದಿದ್ದರು. ನಮ್ಮ ಧುಪದಾಳದ ಒಡ್ಡು ಮುಗಿದು ಘಟಪ್ರಭೆಯ ಎಡದಂಡೆ ಕಾಲುವೆಗೆ ನೀರು ತಿರುಗಿದ್ದೂ 1897ರಲ್ಲೇ. ಎರಡಕ್ಕೂ ನಂಟಿಲ್ಲ. ಆದರೂ ಒಡ್ಡಿನ ಮೇಲೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆ ಒಳನಂಜು ಏನೆಂಬುದು ಈಗ ಚೆನ್ನಾಗಿ ಗೊತ್ತು. ಇ. ಕೋಲೈ, ಟೈಫಾಯ್ಡ್‌ನ ಸಾಲ್ಮೊನೆಲ್ಲಾ, ಕಾಲರಾದ ವಿಬ್ರಿಯೊ, ಇಂಥ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಕೊಬ್ಬು ಮತ್ತು ಸಕ್ಕರೆ ಬೆಸೆದ ಅಣು ಅದು. ಹೆಸರು ಲಿಪೊಪಾಲಿಸ್ಯಾಕರೈಡ್, ಚಿಕ್ಕದಾಗಿ ಎಲ್‌ಪಿಎಸ್. ಒಂದೇ ಒಂದು ಇ. ಕೋಲೈ ಮೈಮೇಲೆ ಇಂಥ ಅಣುಗಳು ಹತ್ತು ಲಕ್ಷಕ್ಕೂ ಹೆಚ್ಚಿರುತ್ತವೆ. ಮನುಷ್ಯನ ಮೈ ಇದನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತದೆಂದರೆ, ಒಂದು ಕಿಲೋ ತೂಕಕ್ಕೆ ಎರಡು ನ್ಯಾನೊಗ್ರಾಮ್ ರಕ್ತಕ್ಕೆ ಸೇರಿದರೂ ಗಟ್ಟಿಮುಟ್ಟಾದ ಆಳಿಗೆ ಚಳಿ ಹತ್ತಿ ಜ್ವರ ಬರುತ್ತದೆ. ನ್ಯಾನೊಗ್ರಾಮ್ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಮೈಗೆ ಇದು ತಿಳಿಯುವುದು ಹೇಗೆ? 2019ರ ಆಗಸ್ಟ್‌ನ ನೆರೆ ಈ ಸಭೆಯಲ್ಲಿರುವ ಯಾರಿಗೂ ಮರೆತಿರಲಾರದು. ಹೊಳೆ ಏರುವ ಮುನ್ನ ಡಂಗುರ ಬರುತ್ತದೆ: “ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಾರ, ಹೊಳಿ ದಂಡಿಗೆ ಯಾರೂ ಹೋಗಬ್ಯಾಡ್ರಿ.” ನೀರು ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ, ಬಂದಿರುವುದು ಸುದ್ದಿ ಮಾತ್ರ. ಆದರೂ ಅದನ್ನು ಕೇಳಿದವರು ದನ ಬಿಚ್ಚುತ್ತಾರೆ, ಕಾಳಿನ ಚೀಲ ಅಟ್ಟಕ್ಕೇರಿಸುತ್ತಾರೆ. ಎಲ್‌ಪಿಎಸ್ ಅಂಥ ಡಂಗುರ. ಅದನ್ನು ಕೇಳಿಸಿಕೊಳ್ಳುವ ಕಿವಿಗಳು ಜೀವಕೋಶದಲ್ಲಿವೆ. ಅವುಗಳ ಹೆಸರು ಟೋಲ್ ಮಾದರಿಯ ಗ್ರಾಹಿಗಳು, ಟಿಎಲ್‌ಆರ್. ಮನುಷ್ಯನಲ್ಲಿ ಇವು ಹತ್ತು ಬಗೆ. ನಾಲ್ಕನೆಯದು ಎಲ್‌ಪಿಎಸ್ ಕೇಳುತ್ತದೆ, ಎರಡನೆಯದು ಬ್ಯಾಕ್ಟೀರಿಯಾದ ಕೊಬ್ಬು ಹತ್ತಿದ ಪ್ರೋಟೀನುಗಳನ್ನು, ಐದನೆಯದು ಅವು ಈಜಲು ಬಳಸುವ ಬಾಲದ ಪ್ರೋಟೀನನ್ನು. ಮೂರನೆಯದರ ಕೆಲಸ ಬೇರೆ, ಅದು ವೈರಸ್‌ಗಳ ಜೋಡಿ ಎಳೆಯ ಆರ್‌ಎನ್‌ಎ ಗುರುತಿಸುತ್ತದೆ.

ಟೋಲ್ ಎಂಬ ಜೀನ್ ಕೆಟ್ಟ ನೊಣಗಳು ಬೂಸ್ಟು ಹತ್ತಿ ಸಾಯುವುದನ್ನು 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ ತೋರಿಸಿತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡ, ಎಷ್ಟು ಎಲ್‌ಪಿಎಸ್ ಕೊಟ್ಟರೂ ಜಗ್ಗದ ಒಂದು ತಳಿಯ ಇಲಿಗಳಲ್ಲಿ ಟಿಎಲ್‌ಆರ್-4 ಕೆಟ್ಟಿದೆಯೆಂದು ಕಂಡುಹಿಡಿಯಿತು. 2011ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಇಲಿಗಳ ವಿಷಯದಲ್ಲಿ ಒಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಶುದ್ಧ ನಂಜು ಚುಚ್ಚಿದರೆ ಅವು ಬದುಕುತ್ತಿದ್ದವು. ನಿಜವಾದ ಸಾಲ್ಮೊನೆಲ್ಲಾ ಸೋಂಕು ತಗುಲಿದರೆ ಮಾತ್ರ ಬೇರೆ ಇಲಿಗಳಿಗಿಂತ ಸುಲಭವಾಗಿ ಸಾಯುತ್ತಿದ್ದವು. ಡಂಗುರ ಕೇಳದವನಿಗೆ ಗಾಬರಿಯೂ ಇಲ್ಲ, ಹೊಳೆ ಬಂದಾಗ ಓಡಲು ಸಮಯವೂ ಇಲ್ಲ.

ಇನ್ನು ಹೊಕ್ಕುಳಬಳ್ಳಿಗೆ ಬರುತ್ತೇನೆ.

ಹೆರಿಗೆಯಾದ ತಾಯಿಯ ಒಪ್ಪಿಗೆ ಪತ್ರ ಪಡೆದು, ಬಳ್ಳಿಯ ಒಂದು ಗೇಣು ತುಂಡನ್ನು ತಣ್ಣನೆಯ ಲವಣದ ದ್ರಾವಣದಲ್ಲಿಟ್ಟು ನಮ್ಮ ಪ್ರಯೋಗಾಲಯಕ್ಕೆ ತರುತ್ತಾರೆ. ಕೈಯಲ್ಲಿ ಹಿಡಿದರೆ ತೊಳೆದ ಶಂಖದ ಬಣ್ಣ, ಹಗ್ಗದಂತೆ ಹುರಿಗೊಂಡ ಮೈ. ಅಡ್ಡ ಕತ್ತರಿಸಿದರೆ ಮೂರು ತೂತು ಕಾಣುತ್ತವೆ, ಎರಡು ಅಪಧಮನಿ, ಒಂದು ಅಭಿಧಮನಿ. ಅವುಗಳ ಸುತ್ತ ಎಳೆ ತಾಟಿನುಂಗಿನ ತಿರುಳಿನಂಥ ಲೋಳೆ. ಕೂಸು ಒಳಗೆ ಎಷ್ಟೇ ಹೊರಳಿದರೂ ರಕ್ತನಾಳ ಹಿಸುಕಿಹೋಗದಂತೆ ಕಾಯುವ ಮೆತ್ತೆ ಅದು. 1656ರಲ್ಲಿ ಥಾಮಸ್ ವಾರ್ಟನ್ ಎಂಬ ಲಂಡನ್ ವೈದ್ಯರು ಅದನ್ನು ವರ್ಣಿಸಿದ್ದರಿಂದ ಈಗಲೂ ಅದು ವಾರ್ಟನ್ ಲೋಳೆ. ನಾಳಗಳನ್ನು ಚಿಮಟದಲ್ಲಿ ಹಿಡಿದು, ಅವರೆಕಾಯಿಯ ನಾರೆಳೆದಂತೆ, ನಿಧಾನಕ್ಕೆ ಎಳೆದು ತೆಗೆಯಬೇಕು. ಉಳಿದ ಲೋಳೆಯನ್ನು ಸಾಸಿವೆ ಕಾಳಿನಷ್ಟು ಸಣ್ಣಗೆ ಹೆಚ್ಚಿ, ತಟ್ಟೆಯ ತಳಕ್ಕೆ ಅಂಟಿಸಿ, ಪೋಷಕ ದ್ರವ ಎರೆದು 37 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡುತ್ತೇವೆ. ಆಮೇಲೆ ಮುಟ್ಟಬಾರದು. ಹೊಸ ವಿದ್ಯಾರ್ಥಿಗಳಿಗೆ ಕಲಿಸಲು ಎಲ್ಲಕ್ಕಿಂತ ಕಷ್ಟ ಈ ಮುಟ್ಟದಿರುವುದೇ. ಒಂದು ವಾರ, ಹತ್ತು ದಿನ ಕಳೆದು ಸೂಕ್ಷ್ಮದರ್ಶಕದಡಿ ನೋಡಿದರೆ, ತುಣುಕಿನ ಅಂಚಿನಿಂದ ಸಣ್ಣ ಮೀನಿನಾಕಾರದ ಕೋಶಗಳು ಒಂದೊಂದಾಗಿ ಹೊರಬಂದು, ಒಂದೇ ದಿಕ್ಕಿಗೆ ತಲೆ ಮಾಡಿ ಸಾಲುಗಟ್ಟಿರುತ್ತವೆ. ಪ್ರತಿ ಸಲವೂ ಅದನ್ನು ಕಂಡು ನಾನು ಒಂದು ಗಳಿಗೆ ಸುಮ್ಮನೆ ಕೂರುತ್ತೇನೆ. ಹುಗಿದುಬಿಡಬೇಕಾಗಿದ್ದ ವಸ್ತುವಿನಿಂದ ಎದ್ದು ಬಂದ ಜೀವ ಅದು.

ಇವನ್ನು ಮೆಸೆಂಕೈಮಲ್ ಆಕರಕೋಶಗಳೆನ್ನುತ್ತಾರೆ. ತಕ್ಕ ಪೋಷಣೆ ಕೊಟ್ಟರೆ ಎಲುಬು, ಮೆದುವೆಲುಬು, ಕೊಬ್ಬಿನ ಕೋಶಗಳಾಗಬಲ್ಲವು. ಆದರೆ ವೈದ್ಯಕೀಯಕ್ಕೆ ಅವುಗಳ ಮೇಲೆ ಆಸೆ ಹುಟ್ಟಿದ್ದು ಬೇರೆ ಗುಣದಿಂದ. ರೊಚ್ಚಿಗೆದ್ದ ರೋಗನಿರೋಧಕ ಕೋಶಗಳ ನಡುವೆ ಇವನ್ನು ಬಿಟ್ಟರೆ ಅವು ತಣ್ಣಗಾಗುತ್ತವೆ. ಈ ಕೋಶಗಳಿಗೆ 1991ರಲ್ಲಿ ಹೆಸರಿಟ್ಟ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ‘ಆಕರಕೋಶ’ ಎಂಬ ಹೆಸರು ಬಿಡೋಣ, ಇವು ಹೊಸ ಅಂಗ ಕಟ್ಟುವುದಕ್ಕಿಂತ ಸಂದೇಶ ಕಳಿಸುವ ಕೆಲಸವನ್ನೇ ಮಾಡುತ್ತವೆ ಎಂದು ವಾದಿಸಿದರು. ತಾನೇ ಇಟ್ಟ ಹೆಸರನ್ನು ತಪ್ಪೆನ್ನುವುದು ದೊಡ್ಡ ಮಾತು. ಆ ಹೆಸರು ಮಾರಾಟಗಾರರ ಬಾಯಿಗೆ ಬಿದ್ದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಸಮಾಧಾನ ಹೇಳುವ ಈ ಕೋಶಗಳಿಗೆ ಡಂಗುರ ಕೇಳಿಸುತ್ತದೆಯೇ?

ಎಲುಬಿನ ಮಜ್ಜೆಯಿಂದ ತೆಗೆದ ಕೋಶಗಳಿಗೆ ಕೇಳಿಸುತ್ತದೆ. ಎಲ್‌ಪಿಎಸ್ ಹಾಕಿದರೆ ಅವು ಐಎಲ್-6, ಐಎಲ್-8 ಎಂಬ ಉರಿಯೂತದ ಸಂದೇಶಗಳನ್ನು ರಾಶಿಗಟ್ಟಲೆ ಬಿಡುತ್ತವೆ. 2011ರಲ್ಲಿ ಬ್ರಸೆಲ್ಸ್‌ನ ತಂಡವೊಂದು ಮಜ್ಜೆ, ಕೊಬ್ಬು ಮತ್ತು ವಾರ್ಟನ್ ಲೋಳೆ, ಈ ಮೂರು ಕಡೆಯ ಕೋಶಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ಮೊದಲ ಎರಡು ಕಿವಿಗೊಟ್ಟವು. ವಾರ್ಟನ್ ಲೋಳೆಯವುಗಳಲ್ಲಿ ಟಿಎಲ್‌ಆರ್-4 ಕಾಣಲಿಲ್ಲ, ಎಲ್‌ಪಿಎಸ್‌ಗೆ ಅವು ಮಿಸುಕಲಿಲ್ಲ. ಒಂದೇ ಜಾತಿಯೆಂದು ನಾವು ಕರೆಯುವ ಕೋಶಗಳಿಗೂ, ಎಲ್ಲಿಂದ ಬಂದವೆಂಬುದರ ಮೇಲೆ ಕೇಳುವ ಶಕ್ತಿ ಬೇರೆ ಬೇರೆ.

ಇದನ್ನು ನಾನು ಓದಿ ತಿಳಿದಿದ್ದೆ. ಮನಸ್ಸಿಗೆ ನಾಟಿದ್ದು ಒಂದು ಎಡವಟ್ಟಿನಿಂದ.

ಕೆಲಸ ಕಲಿಯುವ ಕಾಲ. ಎರಡು ಸಾಲು ತಟ್ಟೆಗಳು, ಒಂದರಲ್ಲಿ ಮಜ್ಜೆಯ ಕೋಶ, ಒಂದರಲ್ಲಿ ಬಳ್ಳಿಯವು. ಅರ್ಧಕ್ಕೆ ಎಲ್‌ಪಿಎಸ್ ಹಾಕಿದೆ, ಇನ್ನರ್ಧಕ್ಕೆ ಏನೂ ಇಲ್ಲ. ಒಂದು ಹಗಲು ಒಂದು ರಾತ್ರಿ ಕಾದು, ಮೇಲಿನ ದ್ರವ ತೆಗೆದು, ಐಎಲ್-8 ಅಳೆಯುವ ಎಲೈಸಾ ಪರೀಕ್ಷೆ ಮಾಡಿದೆ. ಕೊನೆಯಲ್ಲಿ ಗುಳಿಗಳು ನೀಲಿಯಾಗುತ್ತವೆ, ಆಮ್ಲದ ಹನಿ ಬಿದ್ದೊಡನೆ ನೀಲಿ ಅಳಿದು ಅರಿಷಿಣ ಬಣ್ಣ ಏಳುತ್ತದೆ. ಬಣ್ಣ ಗಾಢವಾದಷ್ಟೂ ಸಂದೇಶ ಹೆಚ್ಚು. ಮಜ್ಜೆಯ ಸಾಲಿನಲ್ಲಿ ಎಲ್‌ಪಿಎಸ್ ಹಾಕಿದ ಗುಳಿಗಳೂ ಅರಿಷಿಣ, ಹಾಕದ ಗುಳಿಗಳೂ ಅರಿಷಿಣ. ನಾನು ಬೆವತುಹೋದೆ. ಮೂರು ಸಲ ಮಾಡಿದರೂ ಅದೇ. ಪೈಪೆಟ್ ತೊಳೆದೆ, ನೀರನ್ನು ಮತ್ತೆ ಆಟೊಕ್ಲೇವ್‌ನಲ್ಲಿ ಬೇಯಿಸಿದೆ. ಕಡೆಗೆ ಒಬ್ಬ ಹಿರಿಯರು, “ನೀ ಕೊಂದದ್ದು ಬ್ಯಾಕ್ಟೀರಿಯಾ. ಅದರ ನಂಜನ್ನ ಏನ್ ಮಾಡಿದಿ?” ಎಂದು ಕೇಳಿದರು.

ಆಟೊಕ್ಲೇವ್‌ನ 121 ಡಿಗ್ರಿಯ ಹಬೆಯಲ್ಲಿ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಎಲ್‌ಪಿಎಸ್ ಉಳಿಯುತ್ತದೆ. ಅದನ್ನು ಸುಡಲು ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ನಾವು ಕೋಶಗಳಿಗೆ ಉಣಿಸುತ್ತಿದ್ದ ಸೀರಮ್‌ನ ಒಂದು ಸೀಸೆಯಲ್ಲೇ ನಂಜು ಸೇರಿತ್ತು. ಕುದುರೆಲಾಳದ ಏಡಿಯ ರಕ್ತದಿಂದ ಮಾಡುವ ಪರೀಕ್ಷೆಯಿದೆ, ಎಂಡೋಟಾಕ್ಸಿನ್ ತಾಗಿದರೆ ಅದು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿತು. ಆ ಋತುವಿನ ಕೆಲಸವೆಲ್ಲ ಹೋಯಿತು.

ಆದರೆ ಎಸೆಯುವ ಮುನ್ನ ಬಳ್ಳಿಯ ಕೋಶಗಳ ಸಾಲನ್ನು ಮತ್ತೊಮ್ಮೆ ನೋಡಿದೆ. ಅದೇ ಸೀಸೆಯ ಸೀರಮ್ ಉಂಡಿದ್ದವು ಅವೂ. ಅಲ್ಲಿನ ಗುಳಿಗಳ ಬಣ್ಣ ತಿಳಿಯಾಗಿತ್ತು, ಮಜ್ಜಿಗೆ ನೀರಿನಂತೆ. ಊರಿಗೆಲ್ಲ ಡಂಗುರ ಸಾರಿದ್ದರೂ ಈ ಮನೆಯವರು ನಿದ್ದೆಯಲ್ಲಿದ್ದರು. ಗುಳಿಗಳ ಒಂದು ಗುಂಪು ಮಾತ್ರ, ಒಬ್ಬ ತಾಯಿಯ ಬಳ್ಳಿಯದು, ಸ್ವಲ್ಪ ಬಣ್ಣ ತಿರುಗಿತ್ತು. ಆ ಒಂದು ಗುಂಪು ನನ್ನನ್ನು ಇವತ್ತಿನವರೆಗೂ ಹಿಡಿದಿಟ್ಟಿದೆ.

ಒಂದೇ ಬಗೆಯ ಕೋಶ ಒಮ್ಮೆ ಕೇಳಿ ಒಮ್ಮೆ ಕೇಳದಿರುವುದಕ್ಕೆ ಕಾರಣದ ಒಂದು ಎಳೆ ತಿಳಿದಿದೆ. ಟಿಎಲ್‌ಆರ್-4 ಒಂಟಿಯಾಗಿ ಕೇಳುವುದಿಲ್ಲ. ಎಲ್‌ಪಿಎಸ್ ಅನ್ನು ಹಿಡಿದು ತಂದು ಕಿವಿಗೆ ಮುಟ್ಟಿಸುವ ಸಿಡಿ14 ಎಂಬ ಪ್ರೋಟೀನು ಬೇಕು. ಮೆಸೆಂಕೈಮಲ್ ಕೋಶಗಳ ಮೈಮೇಲೆ ಸಿಡಿ14 ಇರುವುದೇ ಇಲ್ಲ. ಈ ಕೋಶ ಹೌದೋ ಅಲ್ಲವೋ ಎಂದು ಗುರುತಿಸಲು ಅದರ ಗೈರುಹಾಜರಿಯೂ ಒಂದು ಲಕ್ಷಣ. ಹಾಗಾಗಿ ಅವು ಸೀರಮ್‌ನಲ್ಲಿ ತೇಲುವ ಸಿಡಿ14ನ್ನು ಎರವಲು ಪಡೆಯುತ್ತವೆ. ಅಂದರೆ ಸುತ್ತಲಿನ ದ್ರವ ಬದಲಾದರೆ ಕೇಳುವುದೂ ಬದಲಾಗುತ್ತದೆ. ಒಂದು ಪ್ರಯೋಗಾಲಯದಲ್ಲಿ ಮಿಸುಕದ ಕೋಶ ಇನ್ನೊಂದರಲ್ಲಿ ಮಿಸುಕುವುದಕ್ಕೆ ಇದೂ ಒಂದು ಕಾರಣ. ಬ್ರಸೆಲ್ಸ್‌ನವರು ಕಿವುಡೆಂದ ಬಳ್ಳಿಯ ಕೋಶಗಳಿಗೇ ಚೀನಾದ ತಂಡವೊಂದು ತುಸುವೇ ಎಲ್‌ಪಿಎಸ್ ತೋರಿಸಿ, ಅವು ಆಮೇಲೆ ಉಗುಳಿದ ಸೂಕ್ಷ್ಮ ಚೀಲಗಳು, ಅಂದರೆ ಎಕ್ಸೊಸೋಮ್‌ಗಳು, ಸಕ್ಕರೆ ಕಾಯಿಲೆಯ ಇಲಿಗಳ ಗಾಯದಲ್ಲಿ ಉರಿಯೂತ ತಗ್ಗಿಸಿದ್ದನ್ನು 2015ರಲ್ಲಿ ಪ್ರಕಟಿಸಿತು. ಪೂರ್ತಿ ಕಿವುಡಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಕಿವಿ ಮಂದವಾಗಿರುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅವಸರದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಗರ್ಭದ ಕಡೆಯಿಂದ ನೋಡಿದರೆ ಅದು ಜಾಣತನವೆನಿಸುತ್ತದೆ. ಮಾಸಿನ ಪೊರೆಗಳಿಗೆ ಸೋಂಕು ತಗುಲಿ ಉರಿಯೂತ ಎದ್ದರೆ ದಿನ ತುಂಬುವ ಮುನ್ನವೇ ನೋವು ಬರಬಹುದು. ಕೂಸಿನ ಜೀವನಾಡಿಯಾದ ಬಳ್ಳಿ ಸಣ್ಣ ಸುದ್ದಿಗೆಲ್ಲ ಕೂಗಾಡದಿರುವುದೇ ಕ್ಷೇಮ ಎಂದು ನನ್ನ ಊಹೆ, ಊಹೆಯೆಂದೇ ಹೇಳುತ್ತಿದ್ದೇನೆ. ಆದರೆ 2009ರಲ್ಲಿ ಅಮೆರಿಕದ ಸಂಶೋಧಕರು ಕರುಳು ತೂತಾಗಿ ಸೆಪ್ಸಿಸ್ ಆದ, ಅಂದರೆ ನಂಜೇರಿದ, ಇಲಿಗಳಿಗೆ ಮಜ್ಜೆಯ ಕೋಶ ಕೊಟ್ಟಾಗ ಹೆಚ್ಚು ಇಲಿಗಳು ಬದುಕಿದವು. ಕೋಶಗಳು ಪ್ರೊಸ್ಟಗ್ಲಾಂಡಿನ್ ಇ2 ಎಂಬ ವಸ್ತು ಬಿಟ್ಟು, ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳಿಂದ ಐಎಲ್-10 ಎಂಬ ತಂಪಿನ ಸಂದೇಶ ಹೊರಡಿಸಿದ್ದವು. ಟಿಎಲ್‌ಆರ್-4 ಇಲ್ಲದ ಇಲಿಗಳಿಂದ ತೆಗೆದ ಕೋಶಗಳು ಆ ಕೆಲಸ ಮಾಡಲಿಲ್ಲ. ಅಲ್ಲಿ ಕೇಳಿದ್ದರಿಂದಲೇ ಸಮಾಧಾನ ಹೇಳಲು ಸಾಧ್ಯವಾಯಿತು. ಮಗು ಅತ್ತದ್ದು ಕೇಳಿದರೆ ತಾನೇ ತಾಯಿ ತೊಟ್ಟಿಲು ತೂಗುವುದು?

ಅದಕ್ಕೂ ಮಿತಿಯಿದೆ. ಮಜ್ಜೆಯ ಕೋಶಗಳಿಗೆ ಸ್ವಲ್ಪ ಹೊತ್ತು ಎಲ್‌ಪಿಎಸ್ ತೋರಿಸಿ ತೊಳೆದರೆ ಅವು ಉರಿಯೂತದ ಪರ ನಿಲ್ಲುತ್ತವೆ, ವೈರಸ್‌ನ ಸುಳಿವು ಹೋಲುವ ವಸ್ತು ತೋರಿಸಿದರೆ ಶಮನದ ಪರ ನಿಲ್ಲುತ್ತವೆ ಎಂದು 2010ರಲ್ಲಿ ನ್ಯೂ ಆರ್ಲಿಯನ್ಸ್‌ನ ತಂಡವೊಂದು ಹೇಳಿತು. ಅದು ಇಷ್ಟು ಸಲೀಸಾದ ಎರಡು ಹೋಳಲ್ಲವೆಂದು ಆಮೇಲಿನ ಕೆಲಸಗಳು ತೋರಿಸಿವೆ. ಆದರೂ ಮೊದಲು ಕೇಳಿದ ಸುದ್ದಿ ಯಾವುದು, ಎಷ್ಟು ಜೋರು, ಎಷ್ಟು ಹೊತ್ತು ಎಂಬುದರ ಮೇಲೆ ಕೋಶದ ಸ್ವಭಾವ ತಿರುಗುತ್ತದೆ ಎಂಬ ಮುಖ್ಯ ಮಾತು ನಿಂತಿದೆ.

ಮನುಷ್ಯರಲ್ಲಿ? ಆಮ್‌ಸ್ಟರ್‌ಡ್ಯಾಮ್‌ನಲ್ಲಿ 32 ಮಂದಿ ಆರೋಗ್ಯವಂತರು ಒಪ್ಪಿ ಮುಂದೆ ಬಂದರು. ಅವರಲ್ಲಿ ಕೆಲವರಿಗೆ ಕೊಬ್ಬಿನಿಂದ ತೆಗೆದ ಇಂಥ ಕೋಶಗಳನ್ನು ಕೊಟ್ಟು, ಬಳಿಕ ಎಲ್ಲರಿಗೂ ಅಳತೆಯ ಎಲ್‌ಪಿಎಸ್ ಕೊಟ್ಟರು. 2018ರಲ್ಲಿ ಫಲಿತಾಂಶ ಬಂತು. ಹೆಚ್ಚು ಕೋಶ ಪಡೆದವರಲ್ಲಿ ತಂಪಿನ ಸಂದೇಶಗಳೂ ಏರಿದ್ದವು, ಜ್ವರವೂ ಏರಿತ್ತು. ನಂದಿಸಲೆಂದು ಕಳಿಸಿದವರು ಒಂದು ಕೈಯಲ್ಲಿ ನೀರು ಎರಚಿದರು, ಇನ್ನೊಂದು ಕೈಯಲ್ಲಿ ಗಾಳಿ ಬೀಸಿದರು. ಅವು ಬಳ್ಳಿಯ ಕೋಶಗಳಲ್ಲ. ಆದರೂ, ಇಲಿಯಿಂದ ಮನುಷ್ಯನಿಗೆ ನೇರ ದಾರಿಯಿಲ್ಲವೆಂದು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಕಡಿಮೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಕಳೆದ ಸಲ ಊರಿಗೆ ಬಂದಾಗ ಬಸುರಿ ಮಗಳಿರುವ ಒಬ್ಬ ಅಕ್ಕ ಕೇಳಿದಳು: “ಹೊಕ್ಕುಳಬಳ್ಳಿ ಬ್ಯಾಂಕಿನಾಗ ಇಡ್ತಾರಂತಲ್ಲ, ಹೊಲ ಒತ್ತಿ ಹಾಕಿಯಾದ್ರೂ ಇಡೂಣೇನು?” ಬ್ಯಾಡ ಅಕ್ಕ ಎಂದೆ. ಬಳ್ಳಿಯ ರಕ್ತಕ್ಕೆ ನಿಜವಾದ ಉಪಯೋಗವಿದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾನ್ಕೋನಿ ರಕ್ತಹೀನತೆಯಿದ್ದ ಹುಡುಗನಿಗೆ ಅವನ ತಂಗಿಯ ಬಳ್ಳಿಯ ರಕ್ತ ಹಾಕಿ ಉಳಿಸಿದರು, ಅಂದಿನಿಂದ ರಕ್ತದ ಕಾಯಿಲೆಗಳಲ್ಲಿ ಅದು ಒಪ್ಪಿತ ಚಿಕಿತ್ಸೆ. ಆದರೆ ತನ್ನ ಮಗುವಿಗೆಂದೇ ದುಡ್ಡು ಕೊಟ್ಟು ಖಾಸಗಿಯಾಗಿ ಕೂಡಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಮಂಡಳಿಯ 2017ರ ಮಾರ್ಗಸೂಚಿ ಇನ್ನೂ ಸ್ಪಷ್ಟ: ರಕ್ತದ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟು, ಅನುಮತಿ ಪಡೆದ ಪ್ರಯೋಗದ ಹೊರಗೆ ರೋಗಿಗೆ ಆಕರಕೋಶ ಚುಚ್ಚುವುದು ಅನೈತಿಕ. ಮಂಡಿನೋವು, ಸಕ್ಕರೆ, ಪಾರ್ಶ್ವವಾಯು, ಮಕ್ಕಳ ಬುದ್ಧಿ ಬೆಳವಣಿಗೆ, ಎಲ್ಲಕ್ಕೂ ಒಂದೇ ಸೂಜಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಅಂಥ ಸೂಜಿಯ ಅಪಾಯವೂ ಇದೇ ನಂಜಿನದು. 2018ರಲ್ಲಿ ಅಮೆರಿಕದಲ್ಲಿ ಬಳ್ಳಿಯ ರಕ್ತದಿಂದ ಮಾಡಿದ್ದೆಂದು ಮಾರಿದ ಚುಚ್ಚುಮದ್ದನ್ನು ಕೀಲಿಗೆ, ಬೆನ್ನಿಗೆ ಹಾಕಿಸಿಕೊಂಡವರಲ್ಲಿ 12 ಮಂದಿ ಸೋಂಕಿನಿಂದ ಆಸ್ಪತ್ರೆ ಸೇರಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿತು. ತೆರೆಯದ ಸೀಸೆಗಳಲ್ಲೂ ಇ. ಕೋಲೈಯಂಥ ಬ್ಯಾಕ್ಟೀರಿಯಾ ಇದ್ದವು. ಬಳ್ಳಿ ಹೊರಬರುವ ದಾರಿ ಎಂಥದೆಂದು ಹೆತ್ತ ತಾಯಂದಿರಿಗೆ ನಾನು ಹೇಳಬೇಕಿಲ್ಲ. ಬ್ಯಾಕ್ಟೀರಿಯಾ ಬೆಳೆಯದಿದ್ದರೂ ಅದರ ಎಲ್‌ಪಿಎಸ್ ಉಳಿದಿದ್ದರೆ, ಸೀಸೆಯಲ್ಲಿರುವ ಕೋಶ ರೋಗಿಯನ್ನು ಮುಟ್ಟುವ ಮೊದಲೇ ತನ್ನ ಡಂಗುರ ಕೇಳಿ ಬಂದಿರುತ್ತದೆ. ಅದು ಶಮನದ ಪರವೋ ಉರಿಯ ಪರವೋ ಎಂದು ಹೇಳಬಲ್ಲವರು ಯಾರು?

ಶಿಸ್ತಾಗಿ ಮಾಡಿದರೆ ಆಗುವುದಿಲ್ಲವೆಂದೇನಿಲ್ಲ. ನಿಪ್ಪಾಣಿಯ ತಂಬಾಕು, ಬೀಡಿ ನಮ್ಮ ಸೀಮೆಗೆ ಗೊತ್ತಿರುವ ಕಸುಬು. ಬೀಡಿ ಸೇದುವ ಗಂಡಸರಲ್ಲಿ ಕಾಲಿನ ರಕ್ತನಾಳ ಮುಚ್ಚಿ ಬೆರಳು ಕೊಳೆಯುವ ಬರ್ಗರ್ ಕಾಯಿಲೆಗೆ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ಮಜ್ಜೆಯ ಕೋಶಗಳಿಂದ ಮಾಡಿದ ಔಷಧಕ್ಕೆ 2016ರಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ಬಳ್ಳಿಯ ರಕ್ತದ ಕೋಶಗಳಿಂದ ಮಂಡಿಯ ಮೆದುವೆಲುಬಿಗೆ ಮಾಡಿದ ಔಷಧಕ್ಕೆ ದಕ್ಷಿಣ ಕೊರಿಯಾ 2012ರಲ್ಲೇ ಅನುಮತಿ ಕೊಟ್ಟಿದೆ. ಒಂದೊಂದರ ಹಿಂದೆಯೂ ವರ್ಷಗಟ್ಟಲೆ ಪರೀಕ್ಷೆ, ಪ್ರತಿ ಬ್ಯಾಚಿಗೂ ನಂಜಿನ ಅಳತೆ.

ಆದರೆ ದೊಡ್ಡವ್ವನನ್ನು ಕೊಂದ ನಂಜಿಗೆ ಆಕರಕೋಶಕ್ಕಾಗಿ ಕಾಯಬೇಕಿಲ್ಲ. ಬಾಣಂತಿಯರನ್ನು ಉಳಿಸುವ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ. ಮೊದಲ ಸರದಿ ರಕ್ತಸ್ರಾವದ್ದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶದ ಜೊತೆಗಾರರೊಂದಿಗೆ, ಈ ಜಿಲ್ಲೆಯ ಹಳ್ಳಿಗಳ 1,620 ಬಾಣಂತಿಯರಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಸಿದರು. ಮಾತ್ರೆ ಕೊಟ್ಟವರು ಹಳ್ಳಿಯ ನರ್ಸಬಾಯಿಗಳು. ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. ನಂಜಿನ ಸರದಿ 2023ರಲ್ಲಿ ಬಂತು. ಏಳು ದೇಶಗಳ 29,278 ತಾಯಂದಿರು, ಭಾರತದಿಂದ ಬೆಳಗಾವಿ ಮತ್ತು ನಾಗಪುರ. ಹೆರಿಗೆ ನೋವಿನಲ್ಲಿ ಒಮ್ಮೆ ಬಾಯಿಗೆ ಎರಡು ಗ್ರಾಮ್ ಅಜಿತ್ರೊಮೈಸಿನ್ ಎಂಬ ಪ್ರತಿಜೀವಕ ಕೊಟ್ಟರು. ತಾಯಿಗೆ ಸೆಪ್ಸಿಸ್ ಅಥವಾ ಸಾವು ನೂರಕ್ಕೆ 2.4 ಇದ್ದದ್ದು 1.6ಕ್ಕೆ ಬಂತು. ಕೂಸಿನ ಸೋಂಕು, ಸಾವುಗಳಲ್ಲಿ ವ್ಯತ್ಯಾಸವಾಗಲಿಲ್ಲ. ಆ ಕೊನೆಯ ಸಾಲು ನನ್ನನ್ನು ಕೊರೆಯುತ್ತದೆ. ತಾಯಿಯ ನಂಜು ತಗ್ಗಿತು, ಕೂಸಿನದು ತಗ್ಗಲಿಲ್ಲ. ಇಬ್ಬರ ನಡುವೆ ಇರುವುದು ಮಾಸು ಮತ್ತು ಬಳ್ಳಿ.

ಇಲ್ಲಿಂದ ಕೂಗಳತೆಯ ಘಟಪ್ರಭಾ ಊರಿನಲ್ಲಿ ಕರ್ನಾಟಕ ಆರೋಗ್ಯಧಾಮವಿದೆ. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ. ಅವರು ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದದ್ದು ಸಾರ್ವಜನಿಕ ಆರೋಗ್ಯ. ಹೊಳೆ ದಂಡೆಯ ಈ ಸಣ್ಣ ಸೀಮೆಗೆ ಅಂಥ ಓದು ಬಂದು ನೂರು ವರ್ಷವಾಗುತ್ತ ಬಂತು. ನನ್ನ ಆಯಿ ಆ ಓದು ಕಂಡವಳಲ್ಲ. ಕುದಿಯುವ ನೀರಿನ ಪಾತ್ರೆಯೊಂದೇ ಅವಳ ಬಳಿ ಇದ್ದದ್ದು.

ಈಗ ನಾನು ನೋಡುತ್ತಿರುವುದು ಅಂದು ಎಲೈಸಾದಲ್ಲಿ ತುಸು ಬಣ್ಣ ತಿರುಗಿದ್ದ ಆ ಒಂದು ಗುಂಪಿನ ಹಳದಿಯನ್ನೇ. ಯಾಕೆ ಒಬ್ಬ ತಾಯಿಯ ಬಳ್ಳಿ ಮಾತ್ರ ತುಸು ಕಿವಿಗೊಟ್ಟಿತು? ಹೆರಿಗೆಗೆ ಮುಂಚೆ ಅವಳಿಗೆ ಜ್ವರವಿತ್ತೋ ಏನೋ, ಆ ದಾಖಲೆಯನ್ನು ನಾನು ಆಗ ಬರೆದಿಟ್ಟುಕೊಂಡಿರಲಿಲ್ಲ. ಈಗ ಬರೆದಿಡುತ್ತೇನೆ. ನೋವಿನ ಹೊತ್ತಿಗೆ ಜ್ವರವಿದ್ದ ತಾಯಿಯ ಬಳ್ಳಿ ಒಂದು ತಟ್ಟೆಯಲ್ಲಿ, ಇಲ್ಲದ ತಾಯಿಯದು ಪಕ್ಕದ ತಟ್ಟೆಯಲ್ಲಿ, ನಂಜಿಲ್ಲವೆಂದು ಪರೀಕ್ಷಿಸಿದ ಒಂದೇ ಸೀಸೆಯ ಸೀರಮ್. ಗರ್ಭದೊಳಗೇ ಡಂಗುರ ಕೇಳಿದ ಕೋಶಕ್ಕೆ ಎರಡನೆಯ ಸಲ ಬೇಗ ಕೇಳಿಸುತ್ತದೆಯೇ ಎಂಬುದು ಪ್ರಶ್ನೆ. ಎರಡೂ ತಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ಇಲ್ಲಿಗೆ ಬಂದಿದ್ದೇನೆ. ಅಂಚಿನಿಂದ ಕೋಶಗಳು ಹೊರಬರಲು ಇನ್ನೂ ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.